ವಿಮಾನ ಹಿಂದಿರುಗುವವರೆಗೆ

ನನ್ನ ಬಾಲ್ಯದ ಮನೆಯಲ್ಲಿ ಮಾತಿಗೆ ಒಂದು ವಿಶಿಷ್ಟವಾದ ವಿರಾಮವಿದ್ದಿತು. ಬೆಂಗಳೂರಿನ ಪೂರ್ವಭಾಗದ ವಿಮಾನಪುರದಲ್ಲಿ, ಹಿಂದೂಸ್ತಾನ್ ಏರೊನಾಟಿಕ್ಸ್ ಕಾರ್ಖಾನೆಯ ನೌಕರರ ವಸತಿಗಳ ಸಾಲಿನಲ್ಲಿ, ರನ್‌ವೇಯ ಬೇಲಿಗೆ ಬಹಳ ದೂರವಲ್ಲದ ಮನೆ ನಮ್ಮದು. ಜೆಟ್ ವಿಮಾನವೊಂದು ನೆಲ ಬಿಟ್ಟು ಮೇಲೇಳುವ ಹೊತ್ತಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲವಾದ್ದರಿಂದ, ಮಾತನಾಡುತ್ತಿದ್ದವರು ಯಾರೇ ಆಗಲಿ, ವಾಕ್ಯದ ನಡುವೆಯೇ ಬಾಯಿ ಮುಚ್ಚಿ, ಕಿಟಕಿಯ ಗಾಜುಗಳ ನಡುಕ ನಿಲ್ಲುವವರೆಗೆ ಕಾದು, ಬಿಟ್ಟ ಪದದಿಂದಲೇ ಮತ್ತೆ ಆರಂಭಿಸುವುದು ನಮ್ಮ ಬೀದಿಯ ಎಲ್ಲ ಮನೆಗಳ ರೂಢಿಯಾಗಿದ್ದಿತು. ಅಮ್ಮ “ಹುಳಿಗೆ ಉಪ್ಪು” ಎಂಬಲ್ಲಿಗೆ ನಿಲ್ಲಿಸಿ, ಸದ್ದು ವೈಟ್‌ಫೀಲ್ಡಿನ ಕಡೆಗೆ ಕರಗಿದ ಮೇಲೆ “ಸಾಲದು” ಎಂದು ಮುಗಿಸುತ್ತಿದ್ದಳು. ಹೊರಗಿನಿಂದ ಬಂದ ನೆಂಟರಿಗೆ ಇದು ಸೋಜಿಗ. ನಮಗೆ ಉಸಿರಾಟದಷ್ಟು ಸಹಜ. ಹದಿಮೂರು ವರ್ಷ ಆ ಸದ್ದಿನ ಕೆಳಗೆ ಬೆಳೆದರೂ, ಮೇಲೆ ಹೋದದ್ದು ಯಾವ ವಿಮಾನ, ಅದನ್ನು ನಡೆಸುವವರು ಯಾರು, ಏತಕ್ಕಾಗಿ ಅದು ಏರಿತು ಎಂಬ ಪ್ರಶ್ನೆ ನನ್ನಲ್ಲಿ ಒಮ್ಮೆಯೂ ಹುಟ್ಟಿರಲಿಲ್ಲ. ಆಕಾಶವು ನನ್ನ ಪಾಲಿಗೆ ಕಿವಿಗೆ ಬೀಳುವ ಒಂದು ಉಪದ್ರವವಾಗಿದ್ದಿತೇ ಹೊರತು ಕಣ್ಣೆತ್ತಿ ನೋಡುವ ವಿಷಯವಾಗಿರಲಿಲ್ಲ. ಅದನ್ನು ನೋಡಲು ಕಲಿಸಿದ್ದು ಹದಿನಾಲ್ಕು ಅಂಗುಲದ ಗಾಜಿನ ಪರದೆಯೊಂದರ ಮೇಲೆ ಗೆರೆಗಳಿಂದಲೂ ತ್ರಿಕೋನಗಳಿಂದಲೂ ಕಟ್ಟಿದ ಬೇರೊಂದು ಆಕಾಶ.

ನನ್ನ ಸೋದರಮಾವ ಹಳೆಯ ಮದರಾಸು ರಸ್ತೆಯ ಬಳಿ ಎರಡು ಕೋಣೆಗಳ ಒಂದು ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದರು. 1991ರ ಮಾತು. ವಾರವೆಲ್ಲ ಲಗ್ನಪತ್ರಿಕೆ, ಕರಪತ್ರ, ಸಣ್ಣ ಕಾರ್ಖಾನೆಗಳ ಸಂಬಳದ ಪಟ್ಟಿ ಇವುಗಳಲ್ಲಿ ತೊಡಗಿರುತ್ತಿದ್ದ ಆ ಯಂತ್ರಗಳಿಗೆ ಭಾನುವಾರ ಬೆಳಗ್ಗೆ ಬಿಡುವು. ಆ ಬಿಡುವೇ ನನ್ನ ಸ್ವರ್ಗ. ನಸುಕಿನಲ್ಲಿ ಮಿಂದು, ಉಪ್ಪಿಟ್ಟು ತಿಂದು, ಅಪ್ಪನ ಸೈಕಲ್ ಹತ್ತಿ, ಸುರಂಜನ್ ದಾಸ್ ರಸ್ತೆಯುದ್ದಕ್ಕೂ ತುಳಿದು ಹೋದರೆ, ಮಾವ ಕದ ತೆಗೆದು, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಹನ್ನೆರಡು ಗಂಟೆಯವರೆಗೆ ಒಂದು ಯಂತ್ರವನ್ನು ನನ್ನ ವಶಕ್ಕೆ ಒಪ್ಪಿಸುತ್ತಿದ್ದರು. ಆ ರಸ್ತೆಯ ಹೆಸರನ್ನು ನಾನು ಎಷ್ಟು ನೂರು ಸಲ ಓದಿದ್ದೆನೋ ತಿಳಿಯದು. ಹೆಸರು ಒಬ್ಬ ಮನುಷ್ಯನದು ಎಂಬ ಅರಿವು ಮಾತ್ರ ಇರಲಿಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ನಾನು ಮೊದಲು ಕಂಡದ್ದು ಯುದ್ಧವಿಲ್ಲದ ಹಾರಾಟವನ್ನು. ಮೈಕ್ರೊಸಾಫ್ಟ್ ಕಂಪನಿಯ ಫ್ಲೈಟ್ ಸಿಮ್ಯುಲೇಟರನ್ನು ತೆರೆದೊಡನೆ ಷಿಕಾಗೊ ನಗರದ ಸರೋವರದ ದಂಡೆಯ ಮೇಲಿನ ಮೆಗ್ಸ್ ಫೀಲ್ಡ್ ಎಂಬ ಕಿರಿಯ ನಿಲ್ದಾಣದಲ್ಲಿ ನಮ್ಮ ಪುಟ್ಟ ವಿಮಾನ ನಿಂತಿರುತ್ತಿತ್ತು. ಹಸಿರು ಬಯಲೊಂದು ನೆಲ, ನೀಲಿ ಬಯಲೊಂದು ಬಾನು, ನಡುವೆ ಕೆಲವು ಗೆರೆಗಳೇ ನಗರ. ಮೈಸೂರಿನ ದೊಡ್ಡ ಗಡಿಯಾರದ ವೃತ್ತ ಎಲ್ಲಿದೆಯೆಂದು ಸರಿಯಾಗಿ ಅರಿಯದಿದ್ದ ಹುಡುಗನಿಗೆ ಷಿಕಾಗೊದ ಆ ಓಡುದಾರಿಯ ಉದ್ದ ಕೈಯಳತೆಯಲ್ಲಿ ತಿಳಿದಿದ್ದಿತು. ಬ್ರೂಸ್ ಆರ್ಟ್‌ವಿಕ್ ಎಂಬ ಎಂಜಿನಿಯರು 1975ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ, ವಿಮಾನದ ಚಲನೆಯನ್ನು ಕಂಪ್ಯೂಟರಿನ ಪರದೆಯ ಮೇಲೆ ಆಗಿಂದಾಗಲೇ ಚಿತ್ರಿಸುವ ಬಗೆಯನ್ನು ನಿರೂಪಿಸಿದ್ದರೆಂದೂ, ಅದೇ ಬೀಜ ಮೊಳೆತು ಆಪಲ್ ಯಂತ್ರದ ಆಟವಾಗಿ, 1982ರಲ್ಲಿ ಐಬಿಎಂ ಯಂತ್ರಕ್ಕೆ ಬಂದಿತೆಂದೂ ಬಹಳ ವರ್ಷಗಳ ಮೇಲೆ ಓದಿ ತಿಳಿದೆನು. ಆ ಮೊದಲ ಆಪಲ್ ಆವೃತ್ತಿಯಲ್ಲಿಯೇ ಮೊದಲನೆಯ ಮಹಾಯುದ್ಧದ ಒಂದು ಪುಟ್ಟ ಕಾಳಗ ಸೇರಿಕೊಂಡಿದ್ದಿತು. ಹಾರುವ ಕನಸು ಕಂಡ ಮನುಷ್ಯ ಅದರ ಬೆನ್ನಿಗೇ ಹೋರಾಡುವ ಕನಸನ್ನೂ ಕಂಡನೆಂಬುದು ನಿಜವಾದ ವಿಮಾನಗಳ ಚರಿತ್ರೆಯಲ್ಲಿಯೂ ಕಾಣುವ ಸಂಗತಿ. ಆಟಗಳ ಚರಿತ್ರೆ ಅದಕ್ಕೆ ಹೊರತಾಗಲಿಲ್ಲ.

ಕಾಳಗದ ಆಟಗಳಲ್ಲಿ ನಮ್ಮ ಕೈಗೆ ಹೆಚ್ಚಾಗಿ ಬಂದವು ಮೈಕ್ರೊಪ್ರೋಸ್ ಎಂಬ ಅಮೆರಿಕದ ಕಂಪನಿಯವು. ಅದನ್ನು 1982ರಲ್ಲಿ ಮೇರಿಲ್ಯಾಂಡಿನಲ್ಲಿ ಸ್ಥಾಪಿಸಿದವರು ಇಬ್ಬರು: ವಾಯುಸೇನೆಯಲ್ಲಿ ವಿಮಾನ ನಡೆಸಿದ್ದ ಬಿಲ್ ಸ್ಟೀಲಿ, ಪ್ರೋಗ್ರಾಂ ಬರೆಯುವುದರಲ್ಲಿ ನಿಪುಣರಾದ ಸಿಡ್ ಮೈಯರ್. ಲಾಸ್ ವೇಗಸಿನಲ್ಲಿ ನಾಣ್ಯ ಹಾಕಿ ಆಡುವ ‘ರೆಡ್ ಬ್ಯಾರನ್’ ಎಂಬ ವೈಮಾನಿಕ ಕಾಳಗದ ಯಂತ್ರದ ಮುಂದೆ ಇಬ್ಬರೂ ಕುಳಿತಾಗ, ಪಳಗಿದ ವೈಮಾನಿಕನನ್ನು ಎಂದೂ ಹಾರದ ಪ್ರೋಗ್ರಾಮರು ಸೋಲಿಸಿದರಂತೆ. ಯಂತ್ರವು ಶತ್ರುವನ್ನು ಹೇಗೆ ನಡೆಸುತ್ತದೆಂಬುದನ್ನು ತಾನು ನೋಡಿ ತಿಳಿದುಕೊಂಡೆನೆಂದೂ, ಇದಕ್ಕಿಂತ ಒಳ್ಳೆಯದನ್ನು ತಾನೇ ಬರೆಯಬಲ್ಲೆನೆಂದೂ ಹೇಳಿದರಂತೆ. ಒಬ್ಬನದು ಮೈ ಬಲ್ಲ ವಿದ್ಯೆ, ಇನ್ನೊಬ್ಬನದು ಬುದ್ಧಿ ಬಲ್ಲ ವಿದ್ಯೆ. ಇವೆರಡರ ಸಂಯೋಗದಿಂದ ಹುಟ್ಟಿದ ಆಟಗಳಾದ್ದರಿಂದಲೇ ಅವುಗಳಲ್ಲಿ ಬೊಂಬೆಯಾಟದ ಚುರುಕಿನೊಡನೆ ಶಾಸ್ತ್ರದ ಗಾಂಭೀರ್ಯವೂ ಕೂಡಿಕೊಂಡಿದ್ದಿತೆಂದು ನನಗೆ ತೋರುತ್ತದೆ.

ಆಟ ಆರಂಭವಾಗುವ ಮೊದಲು ನಡೆಯಬೇಕಾಗಿದ್ದ ಪೂರ್ವಸಿದ್ಧತೆಯನ್ನು ಇಂದಿನ ಮಕ್ಕಳಿಗೆ ವಿವರಿಸುವುದು ಸುಲಭವಲ್ಲ. ಅಂದಿನ ಡಾಸ್ ವ್ಯವಸ್ಥೆಯಲ್ಲಿ ಯಂತ್ರಕ್ಕೆ ಎಷ್ಟು ಮೆಮೊರಿ ಇದ್ದರೂ ಪ್ರೋಗ್ರಾಮಿಗೆ ನೇರವಾಗಿ ದೊರಕುತ್ತಿದ್ದುದು ಮೊದಲ 640 ಕಿಲೊಬೈಟುಗಳು ಮಾತ್ರ. ಅದರಲ್ಲಿಯೂ ಡಾಸ್ ತನ್ನ ಪಾಲನ್ನು ಮೊದಲೇ ತೆಗೆದುಕೊಂಡಿರುತ್ತಿತ್ತು. ದೊಡ್ಡ ಆಟಗಳು ಉಳಿದ ಜಾಗದಲ್ಲಿ ಹಿಡಿಸುತ್ತಿರಲಿಲ್ಲ. ಆದಕಾರಣ ಕಾನ್‌ಫಿಗ್ ಡಾಟ್ ಸಿಸ್, ಆಟೊಎಕ್ಸೆಕ್ ಡಾಟ್ ಬ್ಯಾಟ್ ಎಂಬ ಎರಡು ಕಡತಗಳನ್ನು ತೆರೆದು, ಬೇಡದ ಒಂದೊಂದೇ ಸಾಲನ್ನು ಅಳಿಸಿ, ಮಾವನ ಕೆಲಸದ ಯಂತ್ರಕ್ಕೆ ಕೇಡಾಗದಂತೆ ಅವನ್ನು ಬೇರೊಂದು ಬೂಟ್ ಫ್ಲಾಪಿಯಲ್ಲಿರಿಸಿ, ಆ ಫ್ಲಾಪಿಯಿಂದಲೇ ಯಂತ್ರವನ್ನು ಎಬ್ಬಿಸಬೇಕಾಗಿತ್ತು. ನಾಲ್ಕು ಕಿಲೊಬೈಟು ಸಾಲದೆ ಆಟ ನಿಂತುಹೋದ ದಿನಗಳುಂಟು. ಮೌಸಿನ ಡ್ರೈವರನ್ನು ತ್ಯಾಗ ಮಾಡಿ ಆ ನಾಲ್ಕನ್ನು ಗಳಿಸಿ, ಪರದೆಯ ಮೇಲೆ ಮೊದಲ ಚಿತ್ರ ಮೂಡಿದಾಗ ಆದ ಆನಂದವನ್ನು ಮುಂದೆ ನಾನು ಗಳಿಸಿದ ಯಾವ ಅಂಕಪಟ್ಟಿಯೂ ತಂದುಕೊಡಲಿಲ್ಲ. ಜಾಯ್‌ಸ್ಟಿಕ್ ನಮ್ಮಲ್ಲಿರಲಿಲ್ಲ, ಕೀಲಿಮಣೆಯ ಬಲಬದಿಯ ಅಂಕಿಗಳೇ ನಮ್ಮ ಚುಕ್ಕಾಣಿ. ಸೌಂಡ್ ಕಾರ್ಡೂ ಇರಲಿಲ್ಲ. ಯಂತ್ರದೊಳಗಿನ ಸಣ್ಣ ಸ್ಪೀಕರು ಜೀರುಂಡೆಯಂತೆ ಗುಂಯ್‌ಗುಡುವುದೇ ಎಂಜಿನ್ನಿನ ಘೋಷ. ಕಡಮೆಯಾದದ್ದನ್ನೆಲ್ಲ ಮನಸ್ಸು ತುಂಬಿಕೊಡುತ್ತಿತ್ತು.

ಮನಸ್ಸು ತುಂಬಿಕೊಡುವ ಈ ವ್ಯಾಪಾರ ನಡೆದದ್ದು ಆಡುವವರ ಕಡೆಯಿಂದ ಮಾತ್ರವಲ್ಲವೆಂಬುದಕ್ಕೆ ‘ಎಫ್-19 ಸ್ಟೆಲ್ತ್ ಫೈಟರ್’ ಒಳ್ಳೆಯ ನಿದರ್ಶನ. 1988ರಲ್ಲಿ ಮೈಕ್ರೊಪ್ರೋಸ್ ಅದನ್ನು ಹೊರತಂದಾಗ ರಾಡಾರಿನ ಕಣ್ಣಿಗೆ ಬೀಳದ ಅಮೆರಿಕದ ವಿಮಾನ ಹೇಗಿದೆಯೆಂದು ಲೋಕಕ್ಕೆ ತಿಳಿದಿರಲಿಲ್ಲ. ಅದರ ಹೆಸರೂ ತಿಳಿದಿರಲಿಲ್ಲ. ಎಫ್-19 ಎಂಬುದು ಜನರು ಊಹಿಸಿಕೊಂಡ ಹೆಸರು. ಆಟದಲ್ಲಿ ಬಂದ ನುಣುಪಾದ, ಬಳುಕಿನ ಮೈಯೂ ಊಹೆಯದೇ. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ನಿಜವಾದ ವಿಮಾನದ ಮಸುಕು ಚಿತ್ರವೊಂದನ್ನು ಪ್ರಕಟಿಸಿದಾಗ, ಅದರ ಹೆಸರು ಎಫ್-117 ಎಂದೂ, ಅದರ ಮೈಯೆಲ್ಲ ಕೊಯ್ದ ವಜ್ರದಂತೆ ಚಪ್ಪಟೆ ಮುಖಗಳಿಂದ ಕೂಡಿದ್ದೆಂದೂ ಕಂಡುಬಂದಿತು. ನಿಜವಾದ ವಿಮಾನವೇ ಆ ಕಾಲದ ಕಂಪ್ಯೂಟರ್ ಚಿತ್ರಗಳಂತೆ ಮೂಲೆಮೂಲೆಯಾಗಿದ್ದಿತು. ಕಂಪ್ಯೂಟರಿನ ವಿಮಾನವೇ ಕನಸಿನಂತೆ ನುಣುಪಾಗಿದ್ದಿತು. ಮೂರು ವರ್ಷಗಳ ಮೇಲೆ ಅದೇ ಕಂಪನಿ ಎಫ್-117ರ ಹೆಸರಿನಲ್ಲಿಯೇ ಹೊಸ ಆಟವನ್ನು ತಂದಿತಾದರೂ ನನ್ನ ಪ್ರೀತಿ ಸಲ್ಲುವುದು ಆ ಮೊದಲಿನ ಊಹೆಯ ವಿಮಾನಕ್ಕೇ.

ಆ ಆಟದ ಗುಣವೇ ಬೇರೆ. ಲಿಬಿಯ, ಪರ್ಷಿಯನ್ ಕೊಲ್ಲಿ, ಉತ್ತರ ಭೂಶಿರ, ಮಧ್ಯ ಯೂರೋಪು ಎಂಬ ನಾಲ್ಕು ಭೂಭಾಗಗಳಲ್ಲಿ, ಬಹುಮಟ್ಟಿಗೆ ರಾತ್ರಿಯ ಕತ್ತಲೆಯಲ್ಲಿ, ಒಬ್ಬನೇ ಹಾರಬೇಕು. ಶೀತಲಯುದ್ಧದ ಕಾಲದ ಕಾರ್ಯವಾದರೆ ಯಾರ ಕಣ್ಣಿಗೂ ಬೀಳದೆ ಹೋಗಿ ಬರುವುದೇ ಸಾಧನೆ. ಎದುರಿಗೆ ಬಂದ ವಿಮಾನವನ್ನು ಹೊಡೆದುರುಳಿಸಿದರೆ ಅದು ಅಪರಾಧವೇ ಆಗುತ್ತಿತ್ತು. ನೆಲಕ್ಕೆ ಸಮೀಪವಾಗಿ, ವೇಗವನ್ನು ತಗ್ಗಿಸಿ, ರಾಡಾರಿನ ಅಲೆಗಳು ವೃತ್ತಾಕಾರವಾಗಿ ಹರಡುವುದನ್ನು ನಕ್ಷೆಯ ಮೇಲೆ ನೋಡುತ್ತ, ಒಂದು ಅಲೆಗೂ ಇನ್ನೊಂದಕ್ಕೂ ನಡುವಣ ಸಂದಿಯಲ್ಲಿ ನುಸುಳಿ ಹೋಗುವಾಗ, ಆ ಭಾನುವಾರದ ಹಗಲಿನಲ್ಲಿಯೂ ನಾನು ಉಸಿರು ಬಿಗಿಹಿಡಿದು ಕುಳಿತಿರುತ್ತಿದ್ದೆನು. ಆದರೆ ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಹಾರಾಟಕ್ಕೆ ಮುನ್ನ ಆಟವು ಕೇಳುತ್ತಿದ್ದ ಪ್ರಶ್ನೆಗಳಲ್ಲಿ, ವಿಮಾನವನ್ನು ಇಳಿಸುವ ಕಾರ್ಯ ಎಷ್ಟು ಕಠಿಣವಾಗಿರಬೇಕೆಂಬುದೂ ಒಂದು. ಹೇಗೆ ಇಳಿದರೂ ಅಪಘಾತವಾಗದಿರಲಿ ಎಂಬ ಆಯ್ಕೆಯೂ ಅದರಲ್ಲಿದ್ದಿತು. ನಾನು ಯಾವಾಗಲೂ ಅದನ್ನೇ ಆರಿಸುತ್ತಿದ್ದೆನು. ಗುರಿಯನ್ನು ಹೊಡೆದ ಮೇಲೆ ಉಳಿದದ್ದು ಬರಿಯ ಪ್ರಯಾಣ, ಅದರಲ್ಲಿ ಮನಸ್ಸಿಡಲು ಏನಿದೆ ಎಂಬುದು ನನ್ನ ಅಂದಿನ ಬುದ್ಧಿ. ಇನ್ನೂ ಒಂದು ಉಪಾಯವಿದ್ದಿತು: ಸತ್ತ ವೈಮಾನಿಕನ ಹೆಸರು ಆಟದ ಪಟ್ಟಿಯಲ್ಲಿ ಸತ್ತವನಾಗಿಯೇ ಉಳಿಯುತ್ತಿದ್ದುದರಿಂದ, ಪ್ರತಿ ಹಾರಾಟಕ್ಕೂ ಮುನ್ನ ಆ ಪಟ್ಟಿಯ ಕಡತವನ್ನು ಬೇರೆ ಫ್ಲಾಪಿಗೆ ನಕಲು ಮಾಡಿಟ್ಟು, ಸತ್ತೊಡನೆ ಹಳೆಯ ಪಟ್ಟಿಯನ್ನು ಹಿಂದಕ್ಕೆ ತಂದು ಬದುಕಿಸಿಕೊಳ್ಳುವುದು. ಗೆಳೆಯರೆಲ್ಲರೂ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆನು.

ಆಟಗಳು ನಮಗೆ ಕೈಯಿಂದ ಕೈಗೆ ನಕಲಾಗಿ ಬರುತ್ತಿದ್ದವು; ಅವುಗಳೊಡನೆ ಇರಬೇಕಾದ ಪುಸ್ತಕ ಬರುತ್ತಿರಲಿಲ್ಲ. ಯಾರಾದರೊಬ್ಬರು ಎಲ್ಲಿಂದಲೋ ಹೊಂದಿಸಿದ ಜೆರಾಕ್ಸ್ ಪ್ರತಿಯ ಜೆರಾಕ್ಸ್ ಪ್ರತಿಯನ್ನು ಓದಬೇಕು. ಅದರಲ್ಲಿ ವಿಮಾನಗಳ ಚಿತ್ರವೆಂದರೆ ಕಪ್ಪು ಮಸಿಯ ಕಲೆ. ಇಂಥ ಕಾಲದಲ್ಲಿ, 1992ರ ಬೇಸಗೆಯಲ್ಲಿ, ಅಮೆರಿಕದಲ್ಲಿ ಓದುತ್ತಿದ್ದ ನನ್ನ ಸೋದರತ್ತೆಯ ಮಗ ಊರಿಗೆ ಬಂದಾಗ ನನಗಾಗಿ ಒಂದು ಆಟದ ಪೆಟ್ಟಿಗೆಯನ್ನೇ ತಂದುಕೊಟ್ಟನು. ಲೂಕಸ್‌ಫಿಲ್ಮ್ ಗೇಮ್ಸ್‌ನವರು ಹಿಂದಿನ ವರ್ಷ ಹೊರತಂದಿದ್ದ ‘ಸೀಕ್ರೆಟ್ ವೆಪನ್ಸ್ ಆಫ್ ದ ಲುಫ್ಟ್‌ವಾಫೆ’ ಅದು. ಅದರಲ್ಲಿದ್ದ ಫ್ಲಾಪಿಗಳಿಗಿಂತ ನನ್ನನ್ನು ಸೆಳೆದದ್ದು ಅದರ ಪುಸ್ತಕ: ಸುಮಾರು ಇನ್ನೂರು ಪುಟಗಳ, ಛಾಯಾಚಿತ್ರಗಳೂ ನಕ್ಷೆಗಳೂ ತುಂಬಿದ, ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಮೇಲಣ ಆಕಾಶದಲ್ಲಿ ನಡೆದದ್ದರ ಚರಿತ್ರೆ. ಆಟವನ್ನು ರೂಪಿಸಿದ ಲಾರೆನ್ಸ್ ಹಾಲಂಡ್ ಮೊದಲು ಮಾನವಶಾಸ್ತ್ರವನ್ನೂ ಪುರಾತತ್ತ್ವವನ್ನೂ ಅಭ್ಯಾಸ ಮಾಡಿದವರೆಂದು ತಿಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಅಗೆದು, ಮಣ್ಣು ಕೊಡವಿ, ಎರಡೂ ಕಡೆಯ ಅವಶೇಷಗಳನ್ನು ಒಂದೇ ಗೌರವದಿಂದ ಜೋಡಿಸಿಡುವ ಪುರಾತತ್ತ್ವಜ್ಞನ ಕೈ ಆ ಕೃತಿಯಲ್ಲಿ ಕಾಣುತ್ತಿತ್ತು.

ಎರಡೂ ಕಡೆ ಎಂದೆನು. ಆ ಆಟದ ಹಿರಿಮೆ ಅದರಲ್ಲಿಯೇ ಇದ್ದಿತು. ಒಂದು ಭಾನುವಾರ ನಾನು ಜರ್ಮನಿಯ ಫೊಕ್-ವುಲ್ಫ್ 190ರಲ್ಲಿ ಕುಳಿತು ಅಮೆರಿಕದ ಬಿ-17 ಬಾಂಬರುಗಳ ವ್ಯೂಹದ ಮೇಲೆ ಎರಗಬಹುದಾಗಿತ್ತು. ಮರು ಭಾನುವಾರ ಅದೇ ಬಿ-17ರ ಒಳಗೆ, ಬಾಲದ ಬಂದೂಕಿನ ಹಿಂದೆ ಕುಳಿತು, ಚುಕ್ಕೆಯಂತೆ ಕಾಣುವ ಫೊಕ್-ವುಲ್ಫ್ ಬೆಳೆಬೆಳೆಯುತ್ತ ಬರುವುದನ್ನು ನೋಡಬೇಕಾಗಿತ್ತು. 1943ರ ಆಗಸ್ಟ್ 17ರಂದು ಷ್ವೈನ್‌ಫರ್ಟ್ ಮತ್ತು ರೇಗನ್ಸ್‌ಬುರ್ಗ್ ನಗರಗಳ ಕಾರ್ಖಾನೆಗಳನ್ನು ಹೊಡೆಯಲು ಹೋದ ಅಮೆರಿಕದ ಬಾಂಬರುಗಳಲ್ಲಿ 60 ಹಿಂದಿರುಗಲಿಲ್ಲ. ಒಂದು ಬಾಂಬರಿಗೆ ಹತ್ತು ಜನ. ಪುಸ್ತಕದಲ್ಲಿ ಓದಿದಾಗ ಅದು ಗುಣಾಕಾರದ ಲೆಕ್ಕ. ಪರದೆಯ ಮೇಲೆ, ನಾನೇ ಹೊಡೆದ ಬಾಂಬರು ವ್ಯೂಹದಿಂದ ಕಳಚಿಕೊಂಡು, ಒಂದು ರೆಕ್ಕೆಯನ್ನು ತಗ್ಗಿಸಿ, ನಿಧಾನವಾಗಿ ಸುತ್ತುತ್ತ ಕೆಳಗಿಳಿಯುವಾಗ, ಹಿಂದಿನ ವಾರ ನಾನು ಕುಳಿತಿದ್ದ ಆಸನ ಅದರ ಬಾಲದಲ್ಲಿದೆಯೆಂಬ ನೆನಪು ಬಂದು, ಬೆರಳು ಕೀಲಿಯ ಮೇಲೆಯೇ ನಿಂತುಬಿಟ್ಟ ದಿನ ನನಗೆ ಚೆನ್ನಾಗಿ ಜ್ಞಾಪಕದಲ್ಲಿದೆ. ಯುದ್ಧದ ಆಟ ಮಕ್ಕಳ ಹೃದಯವನ್ನು ಕಲ್ಲಾಗಿಸುತ್ತದೆಂದು ಹೇಳುವವರುಂಟು. ಆ ಆಟ ನನ್ನನ್ನು ಶತ್ರುವಿನ ಆಸನದಲ್ಲಿ ಕೂರಿಸಿತು. ಹಾಗೆ ಕೂರಿಸಿದ ಗುರುಗಳು ನನಗೆ ಶಾಲೆಯಲ್ಲಿ ಹೆಚ್ಚು ಮಂದಿ ಸಿಕ್ಕಲಿಲ್ಲ.

ಮನೆಯಲ್ಲಿ ಕಂಪ್ಯೂಟರಿಲ್ಲದಿದ್ದುದರಿಂದ ವಾರದ ಉಳಿದ ಆರು ದಿನಗಳೂ ಆ ಪುಸ್ತಕವೇ ನನ್ನ ವಿಮಾನ. ಸಂಜೆ ಮೆಟ್ಟಿಲ ಮೇಲೆ ಕುಳಿತು ಅದನ್ನು ಓದುತ್ತಿದ್ದೆನು. ಪಕ್ಕದ ಮನೆಯಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು ಮಗನೊಡನೆ ವಾಸವಾಗಿದ್ದರು. ಬೀದಿಯ ಮಕ್ಕಳೆಲ್ಲ ಅವರನ್ನು ತಾತ ಎಂದೇ ಕರೆಯುತ್ತಿದ್ದೆವು. ಯುದ್ಧಕಾಲದಲ್ಲಿ, ಅಮೆರಿಕದ ವಾಯುಸೇನೆಯ ವಿಮಾನಗಳು ಬೆಂಗಳೂರಿಗೆ ಬಂದು ಇಲ್ಲಿ ದುರಸ್ತಿಯಾಗುತ್ತಿದ್ದ ದಿನಗಳಲ್ಲಿ, ಹದಿನೆಂಟರ ಪ್ರಾಯಕ್ಕೆ ಮರಗೆಲಸದ ವಿಭಾಗವನ್ನು ಸೇರಿ, ನಲವತ್ತು ವರ್ಷ ಅಲ್ಲಿಯೇ ದುಡಿದವರು. ಒಂದು ಸಂಜೆ ಅವರು ನನ್ನ ಪಕ್ಕದಲ್ಲಿ ಕುಳಿತು, ಕನ್ನಡಕವನ್ನು ಸರಿಪಡಿಸಿಕೊಂಡು, ತೆರೆದ ಪುಟದ ಮೇಲೆ ಬಾಗಿದರು.

“ಏನಪ್ಪ ಇದು, ಯಾವ ವಿಮಾನ?”

“ಫೊಕ್-ವುಲ್ಫ್, ತಾತ. ಜರ್ಮನಿಯವರದು. ಐವತ್ತು ವರ್ಷದ ಹಿಂದಿನದು.”

ಅವರು ಕೆಲವು ಕ್ಷಣ ಆ ಚಿತ್ರವನ್ನು ನೋಡಿದರು. ಬಳಿಕ, ನಮ್ಮ ಬೀದಿಯ ಯಾರನ್ನೋ ಕುರಿತು ಹೇಳುವ ದನಿಯಲ್ಲಿ, “ಇದು ಟ್ಯಾಂಕ್ ಸಾಹೇಬ್ರ ವಿಮಾನ ಅಲ್ವೇನಪ್ಪ” ಎಂದರು.

ಆ ಮಾತನ್ನು ನಾನು ಮೊದಲು ನಂಬಲಿಲ್ಲ. ಆದರೆ ಅದು ನಿಜ. ಫೊಕ್-ವುಲ್ಫ್ 190ನ್ನು ರೂಪಿಸಿದ ಕುರ್ಟ್ ಟ್ಯಾಂಕ್, ಯುದ್ಧಾನಂತರ ಅರ್ಜೆಂಟೀನದಲ್ಲಿ ಕೆಲವು ವರ್ಷ ಕೆಲಸ ಮಾಡಿ, 1956ರಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ಬೆಂಗಳೂರಿಗೆ ಬಂದು, ಹಿಂದೂಸ್ತಾನ್ ಕಾರ್ಖಾನೆಯಲ್ಲಿ ಭಾರತದಲ್ಲಿಯೇ ವಿನ್ಯಾಸಗೊಂಡ ಮೊದಲ ಜೆಟ್ ಯುದ್ಧವಿಮಾನವಾದ ಎಚ್‌ಎಫ್-24 ಮರುತ್ ಎಂಬುದನ್ನು ರೂಪಿಸಿದರು. ಅದನ್ನು ಲೋಹದಲ್ಲಿ ಕಟ್ಟುವ ಮುನ್ನ ಅದರ ಆಕಾರದ ಗುಣದೋಷಗಳನ್ನು ಹಾರಿಸಿಯೇ ತಿಳಿಯಬೇಕೆಂದು, ಅದೇ ಅಳತೆಯ, ಎಂಜಿನ್ನಿಲ್ಲದ ಮರದ ಗ್ಲೈಡರೊಂದನ್ನು ಮಾಡಿ, 1959ರಲ್ಲಿ ಡಕೋಟ ವಿಮಾನಕ್ಕೆ ಕಟ್ಟಿ ಮೇಲಕ್ಕೆಳೆಸಿ ಹಾರಿಸಿದರು. ತಾತ ಆ ಮರದ ವಿಮಾನಕ್ಕೆ ಕೈ ಹಚ್ಚಿದವರಲ್ಲಿ ಒಬ್ಬರು. ಸಂದು ಸಂದಿಗೂ ಗೋಂದು ಹಚ್ಚಿ, ಬಿಗಿದು, ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಅಂಗೈ ಆಡಿಸಿದರೆ ಎಲ್ಲಿಯೂ ತಡೆಯದಂತೆ ನುಣುಪು ಮಾಡಿದ ಬಗೆಯನ್ನು ಅವರು ಹೇಳುವಾಗ, ಅವರ ಬಲಗೈ ಗಾಳಿಯಲ್ಲಿ ಇಲ್ಲದ ರೆಕ್ಕೆಯೊಂದನ್ನು ಸವರುತ್ತಿದ್ದಿತು. ಜರ್ಮನಿಯ ಆಕಾಶದಲ್ಲಿದೆಯೆಂದು ನಾನು ತಿಳಿದಿದ್ದ ಕಥೆಯ ಎರಡನೆಯ ಅಧ್ಯಾಯ ನಮ್ಮ ಬೇಲಿಯ ಆಚೆಯಲ್ಲಿಯೇ ನಡೆದಿದ್ದಿತು.

ಆ ದಿನದಿಂದ ಮೊದಲ್ಗೊಂಡು ನಾನು ಊರನ್ನೂ ಆಟವನ್ನೂ ಒಟ್ಟಿಗೆ ಓದತೊಡಗಿದೆನು. ಬ್ರಿಟನ್ನಿನ ಯುದ್ಧವನ್ನು ಕುರಿತ ಲೂಕಸ್‌ಫಿಲ್ಮ್ ಗೇಮ್ಸ್‌ನವರ 1989ರ ಆಟದಲ್ಲಿ ನಾನು ಸ್ಪಿಟ್‌ಫೈರ್ ನಡೆಸಿದ್ದೆನು. ಮೈಸೂರು ಸಂಸ್ಥಾನದ ಕಾಣಿಕೆಯ ನೆನಪಿಗೆ ಬ್ರಿಟಿಷ್ ವಾಯುಪಡೆಯ 129ನೆಯ ಸ್ಕ್ವಾಡ್ರನ್ನಿಗೆ ಮೈಸೂರಿನ ಹೆಸರನ್ನೇ ಇಟ್ಟಿದ್ದರೆಂದೂ, 1941ರಲ್ಲಿ ಸ್ಪಿಟ್‌ಫೈರುಗಳೊಡನೆ ಆರಂಭವಾದ ಆ ದಳದ ಲಾಂಛನ ನಮ್ಮ ಗಂಡಭೇರುಂಡವೆಂದೂ ತಿಳಿದಾಗ, ದಸರೆಯ ಚಿತ್ರಗಳಲ್ಲಿ ಕಂಡಿದ್ದ ಆ ಎರಡು ತಲೆಯ ಹಕ್ಕಿ ಇಂಗ್ಲೆಂಡಿನ ಮೋಡಗಳ ನಡುವೆ ಹಾರಿದಂತೆ ಕಂಡಿತು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನ ಅಂಗಳದಲ್ಲಿ ನಿಲ್ಲಿಸಿದ್ದ ಮರುತ್ ವಿಮಾನವನ್ನು, ಶಾಲೆಯ ಪ್ರವಾಸದಲ್ಲಿ ಲಕ್ಷ್ಯವಿಡದೆ ಹಾದುಹೋಗಿದ್ದುದನ್ನು, ಮತ್ತೆ ಹೋಗಿ ನಿಂತು ನೋಡಿದೆನು. ಅದರ ಮೂಗಿನಿಂದ ಬಾಲದವರೆಗಿನ ರೇಖೆ ತಾತನ ಕೈ ಗಾಳಿಯಲ್ಲಿ ಬರೆದ ರೇಖೆಯೇ ಆಗಿದ್ದಿತು.

ಒಂದು ಭಾನುವಾರ ತಾತ ತಾವೂ ಬರುವೆನೆಂದರು. ಬಸ್ಸಿನಲ್ಲಿ ಹೋದೆವು. ಮಾವ ಅವರಿಗೆ ಕುರ್ಚಿ ಹಾಕಿ, ಕಾಫಿ ತರಿಸಿಕೊಟ್ಟರು. ನಾನು ಫೊಕ್-ವುಲ್ಫನ್ನು ಮೇಲೇರಿಸಿ, ಬಾಂಬರುಗಳ ವ್ಯೂಹವನ್ನು ಕಂಡು, ಎರಡನ್ನು ಕೆಡವಿ, ಹೆಮ್ಮೆಯಿಂದ ಅವರ ಮುಖವನ್ನು ನೋಡಿದೆನು. ಅವರು ಪರದೆಯ ಕೆಳಭಾಗದ ಅಳತೆಗಳನ್ನೇ ನೋಡುತ್ತಿದ್ದರು. ನಾನು ಎಂದಿನಂತೆ ಅಲ್ಲಿಗೆ ಆಟವನ್ನು ನಿಲ್ಲಿಸಲು ಕೀಲಿಯತ್ತ ಕೈ ನೀಡಿದಾಗ, ಅವರು ನನ್ನ ಮಣಿಕಟ್ಟನ್ನು ಮೃದುವಾಗಿ ಹಿಡಿದು ತಡೆದರು.

“ಇಳಿಸಲ್ವೇನಪ್ಪ?”

“ಇಳಿಸೋದೇನೂ ಬೇಕಾಗಿಲ್ಲ ತಾತ. ಹೊಡೆದದ್ದು ಆಯ್ತಲ್ಲ, ಆಟ ಮುಗೀತು.”

“ವಿಮಾನ ಇನ್ನೂ ಮೇಲೇ ಇದೆಯಲ್ಲ ಮಗು. ಅದು ಹೇಗೆ ಮುಗಿದ ಹಾಗಾಗತ್ತೆ?”

ನಾನು ಆ ವಿಮಾನವನ್ನು ಹಿಂದಕ್ಕೆ ತಿರುಗಿಸಿದೆನು. ಮುಕ್ಕಾಲು ಗಂಟೆ ಹಿಡಿಯಿತು. ನಿಲ್ದಾಣವನ್ನು ಹುಡುಕಲಾರದೆ ಅಲೆದು, ಕೊನೆಗೆ ಕಂಡ ಓಡುದಾರಿಗೆ ಅತಿ ವೇಗದಿಂದ ಬಂದು, ಮೊದಲ ಸಲ ನೆಲಕ್ಕಪ್ಪಳಿಸಿದೆನು. ಮತ್ತೆ ಮೊದಲಿನಿಂದ ಏರಿದೆನು. ಈ ಸಲ ಕಾಳಗಕ್ಕೆ ಹೋಗಲಿಲ್ಲ, ಇಳಿಯುವುದಕ್ಕಾಗಿಯೇ ಏರಿದೆನು. ವೇಗವನ್ನು ಕಳೆಯುತ್ತ, ಮೂಗನ್ನು ಎತ್ತಿ ಹಿಡಿದು, ಎತ್ತರ ತಾನಾಗಿ ಸೋರಿಹೋಗಲು ಬಿಟ್ಟು, ಕಡೆಗೆ ಗಾಲಿಗಳು ನೆಲಕ್ಕೆ ಸೋಕಿ ವಿಮಾನ ಉರುಳಿ ನಿಂತಾಗ, ತಾತ ಕುರ್ಚಿಗೆ ಒರಗಿ, ಆರಿಹೋಗಿದ್ದ ಕಾಫಿಯನ್ನು ಕೈಗೆತ್ತಿಕೊಂಡರು. ಅವರು ಅಲ್ಲಿಯವರೆಗೆ ಅದನ್ನು ಮುಟ್ಟಿರಲಿಲ್ಲ.

ಹಿಂದಿರುಗುವಾಗ ಬಸ್ಸು ಸುರಂಜನ್ ದಾಸ್ ರಸ್ತೆಗೆ ತಿರುಗಿತು. ತಾತ ಕಿಟಕಿಯ ಹೊರಗೆ ನೋಡುತ್ತ, ನಾನು ಕೇಳದೆಯೇ, ಆ ಹೆಸರಿನವರ ವಿಷಯವನ್ನು ಹೇಳಿದರು. 1961ರ ಜೂನ್ 17ರಂದು ಮರುತ್ ವಿಮಾನವನ್ನು ಮೊದಲ ಬಾರಿಗೆ ಮೇಲೇರಿಸಿದವರು ಸುರಂಜನ್ ದಾಸ್. ಗ್ಲೈಡರಿನಿಂದ ಹಿಡಿದು ವರ್ಷಗಟ್ಟಲೆ ಸಾವಿರಾರು ಜನ ದುಡಿದು ಕಟ್ಟಿದ್ದನ್ನು ಒಬ್ಬರ ಕೈಗೆ ಕೊಟ್ಟು, ನೆಲದ ಮೇಲೆ ನಿಂತು ಎಲ್ಲರೂ ಕಾದರು. ಅದು ಹೋಯಿತು, ಬಂದಿತು, ಇಳಿಯಿತು. ಮರುತ್ ವಿಮಾನಕ್ಕೆ ಅದರ ಮೈಕಟ್ಟಿಗೆ ತಕ್ಕ ಬಲವಾದ ಎಂಜಿನ್ ಎಂದೂ ದೊರೆಯಲಿಲ್ಲ. ಇದ್ದ ಎಂಜಿನ್ನಿಗೆ ಆಫ್ಟರ್‌ಬರ್ನರನ್ನು ಕೂಡಿಸಿ ಶಕ್ತಿಯನ್ನು ಹೆಚ್ಚಿಸುವ ಪ್ರಯತ್ನಗಳು ನಡೆದವು. ಅಂಥ ವಿಮಾನವೊಂದರ ಪರೀಕ್ಷೆಗೆಂದು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ 1970ರ ಜನವರಿ 10ರಂದು ಏರಿದರು. ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ವಿಮಾನ ಬಿದ್ದಿತು, ಅವರು ಉಳಿಯಲಿಲ್ಲ.

“ವಿಮಾನ ಏರಿದ ಮೇಲೆ ನಾವು ಕೆಲಸ ಮಾಡ್ತಾ ಇರ್ತೀವಿ, ಆದ್ರೆ ಕಿವಿ ಮಾತ್ರ ಹೊರಗೆ ಇರತ್ತೆ” ಎಂದರು ತಾತ. “ಹೋದ ಸದ್ದು ಕೇಳಿದ್ರೆ ಸಾಲದು, ಬಂದ ಸದ್ದು ಕೇಳ್ಬೇಕು. ಆವತ್ತು ಬರಲಿಲ್ಲ.”

ಮುಂದಿನ ನಿಲ್ದಾಣದವರೆಗೆ ಇಬ್ಬರೂ ಮಾತನಾಡಲಿಲ್ಲ. ರಸ್ತೆಯ ಹೆಸರಿನ ಫಲಕವನ್ನು ಆ ಮಧ್ಯಾಹ್ನ ನಾನು ಮೊದಲ ಬಾರಿಗೆ ಓದಿದೆನು.

ಮುಂದಿನ ವಾರ ಎಫ್-19ರ ಆಟವನ್ನು ತೆರೆದಾಗ, ಇಳಿಯುವುದು ನಿಜದಂತೆಯೇ ಇರಲಿ ಎಂಬ ಕಠಿಣವಾದ ಆಯ್ಕೆಯನ್ನು ಒತ್ತಿದೆನು. ಹೆಸರಿನ ಪಟ್ಟಿಯನ್ನು ನಕಲು ಮಾಡಿಟ್ಟಿದ್ದ ಫ್ಲಾಪಿಯನ್ನು ಅಳಿಸಿ ಮಾವನ ಲಗ್ನಪತ್ರಿಕೆಗಳಿಗೆ ಕೊಟ್ಟುಬಿಟ್ಟೆನು. ಆ ಮೇಲೆ ನನ್ನ ವೈಮಾನಿಕರು ಅನೇಕರು ಸತ್ತರು. ಸತ್ತವರು ಪಟ್ಟಿಯಲ್ಲಿ ಸತ್ತವರಾಗಿಯೇ ಉಳಿದರು. ಆಟದ ಬಿಗಿ ಇದರಿಂದ ಕುಗ್ಗಲಿಲ್ಲ, ನೂರ್ಮಡಿ ಹೆಚ್ಚಿತು. ಲಿಬಿಯದ ಮರುಭೂಮಿಯ ಮೇಲೆ ಗುರಿಯನ್ನು ಮುಗಿಸಿ ಮೂಗನ್ನು ಉತ್ತರಕ್ಕೆ ತಿರುಗಿಸಿದಾಗ, ಹಿಂದೆ ಬೇಸರದ ಪ್ರಯಾಣವೆಂದು ಬಗೆದಿದ್ದ ಆ ಕತ್ತಲೆಯ ಸಮುದ್ರವೇ, ಉಳಿದಿರುವ ಇಂಧನವನ್ನು ಎಣಿಸುತ್ತ, ದೂರದಲ್ಲಿ ನಿಲ್ದಾಣದ ದೀಪದ ಸಾಲು ಕಾಣುವುದನ್ನು ಎದುರುನೋಡುವ ಆ ಅರ್ಧ ಗಂಟೆಯೇ ಆಟದ ಹೃದಯವೆಂದು ತೋರತೊಡಗಿತು. ನೆಲದ ಮೇಲೆ ಕಾಯುವವರು ಯಾರೂ ಆ ಆಟದಲ್ಲಿ ಚಿತ್ರಿತರಾಗಿರಲಿಲ್ಲ. ಆದರೆ ಕುರ್ಚಿಯಲ್ಲಿ ಕಾಫಿಯನ್ನು ಮುಟ್ಟದೆ ಕುಳಿತ ಒಬ್ಬರನ್ನು ನಾನು ಅಲ್ಲಿ ಯಾವಾಗಲೂ ಕಾಣುತ್ತಿದ್ದೆನು.

ಕಾಲ ಸರಿಯಿತು. ಗಣಿತದ ಕೋಪ್ರೊಸೆಸರ್ ಚಿಪ್ಪಿದ್ದರೆ ಹಾರಾಟವನ್ನು ಇನ್ನೂ ಯಥಾರ್ಥವಾಗಿ ಲೆಕ್ಕ ಹಾಕುತ್ತಿದ್ದ ‘ಫಾಲ್ಕನ್ 3.0’ ಬಂದಿತು, ಆಮೇಲೆ ಸಿಡಿಗಳಲ್ಲಿ ಇನ್ನೂ ಚೆಲುವಾದ ಆಟಗಳು ಬಂದವು. ಇಂದಿನ ಆಟಗಳಲ್ಲಿ ಮೋಡಕ್ಕೆ ತೇವವಿದೆ, ನದಿಗೆ ಹೊಳಪಿದೆ. ಅವನ್ನು ನಾನು ಮೆಚ್ಚುತ್ತೇನೆ, ಆಡುತ್ತೇನೆ. ಮೆಗ್ಸ್ ಫೀಲ್ಡ್ ನಿಲ್ದಾಣ 2003ರಲ್ಲಿ ಒಂದು ರಾತ್ರಿ ನಗರದ ಆಡಳಿತದ ಅಪ್ಪಣೆಯಿಂದ ಅಗೆದು ಹಾಳಾಯಿತೆಂಬ ಸುದ್ದಿ ಓದಿದಾಗ, ಎಂದೂ ಕಾಲಿಡದ ಊರಿಗಾಗಿ ಮನಸ್ಸು ನೊಂದಿತು. ತಾತ ಅದಕ್ಕೂ ಎಷ್ಟೋ ಮುಂಚೆ ತೀರಿಕೊಂಡಿದ್ದರು. 2001ರ ಜನವರಿ 4ರಂದು, ಮುಂದೆ ತೇಜಸ್ ಎಂಬ ಹೆಸರು ಪಡೆದ ಹಗುರ ಯುದ್ಧವಿಮಾನ ನಮ್ಮ ಆ ನಿಲ್ದಾಣದಿಂದಲೇ ಮೊದಲ ಸಲ ಏರಿದ ಸುದ್ದಿಯನ್ನು ಕೇಳುವಾಗ, ವಾರ್ತೆ ಓದುವವರು “ಸುರಕ್ಷಿತವಾಗಿ ಇಳಿಯಿತು” ಎನ್ನುವವರೆಗೆ ನಾನು ಕೈಯಲ್ಲಿದ್ದ ಲೋಟವನ್ನು ಕೆಳಗಿಡಲಿಲ್ಲ.

2008ರಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ವಿಮಾನಪುರದ ಆಕಾಶ ಬಹುಮಟ್ಟಿಗೆ ಶಾಂತವಾಯಿತು. ಆದರೂ ಕಾರ್ಖಾನೆಯ ಜೆಟ್ಟುಗಳು ಈಗಲೂ ಏರುತ್ತವೆ. ಅಮ್ಮನ ಮನೆಗೆ ಹೋದಾಗ ಅಂಥದೊಂದು ಏರಿದರೆ, ಹಳೆಯ ರೂಢಿಯಂತೆ ಇಬ್ಬರೂ ಮಾತನ್ನು ನಡುವೆಯೇ ನಿಲ್ಲಿಸುತ್ತೇವೆ. ಸದ್ದು ಕರಗಿದೊಡನೆ ಅಮ್ಮ ಬಿಟ್ಟ ಪದದಿಂದ ಮಾತನ್ನು ಮುಂದುವರಿಸುತ್ತಾಳೆ. ನಾನೂ ಉತ್ತರ ಕೊಡುತ್ತೇನೆ. ಆದರೆ ನನ್ನ ಕಿವಿ ಹೊರಗೇ ಇರುತ್ತದೆ. ಕಾಲು ಗಂಟೆಯೋ ಅರ್ಧ ಗಂಟೆಯೋ ಕಳೆದು, ಪೂರ್ವದಿಂದ ಆ ಸದ್ದು ಮತ್ತೆ ಹುಟ್ಟಿ, ಬಲಿತು, ಬೇಲಿಯ ಆಚೆ ತಗ್ಗಿ, ನೆಲಕ್ಕೆ ಸೋಕಿ ನಿಂತ ಮೇಲೆಯೇ ನಾನು ಕಾಫಿಯ ಲೋಟಕ್ಕೆ ಕೈ ನೀಡುವುದು.